ಬೆಳ್ಳಿತೆರೆಯ ಮೇಲೆ ಮುಪ್ಪು

ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುವವನಿಗೆ ಸಿನಿಮಾದ ಗೊಡವೆ ಏಕೆ ಎಂದು ಓದುಗರು ಕೇಳಿಯಾರು. ಕೇಳತಕ್ಕ ಮಾತೇ. ಆ ಗೊಡವೆಯನ್ನು ನಾನಾಗಿ ಹಚ್ಚಿಕೊಂಡವನಲ್ಲ. ಅದು ತಾನಾಗಿ ಬಂದು ಕೊರಳಿಗೆ ಬಿದ್ದಿತು. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ಚಿತ್ರಮಂಡಲಿಯನ್ನು ನಡೆಸುತ್ತಾರೆ. ತಿಂಗಳಿಗೊಂದು ಶನಿವಾರ, ತರಗತಿಗಳು ಮುಗಿದ ಮೇಲೆ, ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಒಂದು ಚಿತ್ರ ನೋಡಿ, ಅದರ ವಿಷಯವಾಗಿ ಒಂದು ಗಂಟೆ ವಾದ ಮಾಡಿ ಮನೆಗೆ ಹೋಗುತ್ತಾರೆ. ಮಂಡಲಿಗೆ ಅಧ್ಯಾಪಕರೊಬ್ಬರು ಸಲಹೆಗಾರರಾಗಿರಬೇಕೆಂಬುದು ನಿಯಮ. ಹಿರಿಯರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡ ಮೇಲೆ ಕಿರಿಯನಾದ ನಾನೊಬ್ಬ ಉಳಿದೆ.

ಹೋದ ವರ್ಷ ದಸರೆಯ ರಜೆಗೆ ಮುಂಚೆ ಮಂಡಲಿಯ ಕಾರ್ಯದರ್ಶಿಯಾದ ಹುಡುಗಿ ಬಂದು, "ಸರ್, ದೊಡ್ಡ ನಿರ್ದೇಶಕರು ಮಾಡಿದ, ಆದರೆ ನಮ್ಮ ಜನ ಅಷ್ಟಾಗಿ ನೋಡದೆ ಇರುವ ಐದು ಚಿತ್ರಗಳನ್ನು ಆರಿಸಿಕೊಡಿ. ಐದರಲ್ಲೂ ಒಂದೇ ಎಳೆ ಇದ್ದರೆ ಚೆನ್ನ" ಎಂದಳು. ನಾನು ಎಲ್ಲವನ್ನೂ ಬಲ್ಲವನಂತೆ ತಲೆಯಾಡಿಸಿದೆ. ಎಳೆ ಯಾವುದೆಂದು ನನಗೇ ಗೊತ್ತಿರಲಿಲ್ಲ. ಅದು ನಮ್ಮ ಮನೆಯ ಹಜಾರದಲ್ಲೇ ಬಿದ್ದಿತ್ತೆಂಬುದು ಆಮೇಲೆ ತಿಳಿಯಿತು.

ಆ ಹಜಾರದ ಕಥೆಯನ್ನು ಮೊದಲು ಹೇಳಬೇಕು. ನನ್ನ ತಂದೆ ಅಂಚೆಯ ಇಲಾಖೆಯಲ್ಲಿ ದುಡಿದು, ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು. ತಿಪಟೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರು. ಮೂರು ವರ್ಷದ ಹಿಂದೆ ಪುಣೆಯಲ್ಲಿರುವ ಅಣ್ಣನಿಗೆ ಮಗುವಾಯಿತು. ಅತ್ತಿಗೆ ಕೆಲಸಕ್ಕೆ ಹೋಗುವವಳು. "ಮೂರು ತಿಂಗಳ ಮಟ್ಟಿಗೆ ಅಮ್ಮ ಬಂದಿರಲಿ" ಎಂದು ಅಣ್ಣ ಕರೆದ. ಅವನ ಮನೆ ಚಿಕ್ಕದು. ಅಪ್ಪನಿಗೆ ಅಲ್ಲಿಯ ಭಾಷೆ ಬಾರದು, ಹವೆ ಒಗ್ಗದು. ಒಬ್ಬರೇ ಊರಿನಲ್ಲಿ ಬೇಯಿಸಿಕೊಂಡಿರುವುದು ಹೇಗೆಂದು ನಾನು ಅವರನ್ನು ತುಮಕೂರಿನ ನಮ್ಮ ಮನೆಗೆ ಕರೆತಂದೆ. ಮೂರು ತಿಂಗಳು ಆರಾಯಿತು, ಆರು ಹನ್ನೆರಡಾಯಿತು. ಎರಡನೆಯ ವರ್ಷ ಕಳೆಯುತ್ತ ಬಂದಾಗ ಅದು ಯಾರೂ ತೀರ್ಮಾನಿಸದ ಒಂದು ಏರ್ಪಾಡಾಗಿ ನಿಂತುಹೋಗಿತ್ತು. ಹಬ್ಬಕ್ಕೊಮ್ಮೆ ಎಲ್ಲರೂ ಕೂಡುತ್ತಿದ್ದೆವು. ನಾಲ್ಕು ದಿನ ಕಳೆದು ಚದುರುತ್ತಿದ್ದೆವು. ಇದರಲ್ಲಿ ತಪ್ಪೇನಾದರೂ ಉಂಟೆಂದು ನಮ್ಮಲ್ಲಿ ಯಾರಿಗೂ ತೋರಲಿಲ್ಲ. ತಂದೆತಾಯಿಯನ್ನು ಇಬ್ಬರು ಮಕ್ಕಳೂ ನೋಡಿಕೊಳ್ಳುತ್ತಿದ್ದೇವೆಂದು ನೆಂಟರು ಹೊಗಳುತ್ತಲೂ ಇದ್ದರು.

ನಮ್ಮದು ಎರಡು ಕೋಣೆಯ ಮನೆ. ಒಂದು ನಮ್ಮದು, ಇನ್ನೊಂದು ಓದುವ ಮಗಳದು. ಅಪ್ಪನ ಹಾಸಿಗೆ ಹಜಾರದ ದಿವಾನದ ಮೇಲೆ. ದಿನವೂ ರಾತ್ರಿ ಎಂಟಕ್ಕೆ ಅವರು ಮೊಬೈಲು ಹಿಡಿದು ಅಮ್ಮನೊಡನೆ ಮಾತಾಡುತ್ತಿದ್ದರು. ತಂತಿಯ ಕಾಲದಲ್ಲಿ ಕೆಲಸ ಮಾಡಿದವರು. ಬರೆಯುವಾಗ ಒಂದು ಮಾತೂ ಹೆಚ್ಚು ಬೀಳದು. ಆದರೆ ಕಿವಿ ಸ್ವಲ್ಪ ಮಂದವಾಗಿತ್ತಾದ್ದರಿಂದ ದೂರವಾಣಿಯಲ್ಲಿ ಅವರ ಧ್ವನಿ ಬೀದಿಗೆ ಕೇಳುತ್ತಿತ್ತು. "ಏನೇ, ಊಟ ಆಯಿತೇ? ಏನು ಹುಳಿ? ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡೆಯಾ?" ಮರುದಿನವೂ ಅದೇ ಹುಳಿ, ಅದೇ ಮಂಡಿ, ಅದೇ ಎಣ್ಣೆ. ನಾನು ಅಲ್ಲೇ ಮೂಲೆಯ ಮೇಜಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತಿರುತ್ತಿದ್ದೆ. ಒಂದು ದಿನ ತಾಳ್ಮೆ ತಪ್ಪಿ, "ಅಪ್ಪ, ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದೆ. ಅವರು ತಬ್ಬಿಬ್ಬಾಗಿ, "ಹೂಂ, ಹೂಂ" ಎಂದು ಬೇಗನೆ ಮಾತು ಮುಗಿಸಿದರು. ನಾನು ಮುಂದಿನ ಉತ್ತರಪತ್ರಿಕೆಯನ್ನು ಎತ್ತಿಕೊಂಡೆ.

ದಸರೆಯ ರಜೆಯಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ, ಮಂಡಲಿಗಾಗಿ ಚಿತ್ರಗಳನ್ನು ನೋಡತೊಡಗಿದೆ. ಅಪ್ಪನಿಗೆ ನಿದ್ರೆ ಕಡಿಮೆ. "ಏನೋ ಅದು?" ಎಂದು ಅವರೂ ಎದ್ದು ಕೂತರು. ಅವರು ನೋಡಿದ ಚಿತ್ರಗಳಲ್ಲಿ ಇಂದಿಗೂ ಅವರಿಗೆ ದೊಡ್ಡದು 'ಸ್ಕೂಲ್ ಮಾಸ್ಟರ್'. ಬಿ.ಆರ್. ಪಂತುಲು ನಿರ್ದೇಶಿಸಿ, ತಾವೇ ಉಪಾಧ್ಯಾಯರಾಗಿ ನಟಿಸಿದ 1958ರ ಚಿತ್ರ, ಪತ್ನಿಯಾಗಿ ಎಂ.ವಿ. ರಾಜಮ್ಮ. ಊರಿಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ಮರಳ ಮೇಲೆ ಕೂತು ನೋಡಿದ್ದನ್ನು ಅಪ್ಪ ಹಲವು ಸಲ ಹೇಳಿದ್ದಾರೆ. ಅದರಲ್ಲಿಯೂ ಮುದುಕ ಮುದುಕಿಯರನ್ನು ಮಕ್ಕಳು ಬೇರೆ ಬೇರೆ ಮಾಡುತ್ತಾರೆ. ಕೊನೆಗೆ ಪೊಲೀಸು ಅಧಿಕಾರಿಯಾದ ಹಳೆಯ ಶಿಷ್ಯನೊಬ್ಬ ಬಂದು ಅವರ ಮಾನ ಕಾಯುತ್ತಾನೆ. ಕಣ್ಣೀರು ಬರಿಸುವ ಚಿತ್ರ, ನಿಜ. ಆದರೆ ಅಂತಹ ಚಿತ್ರದಲ್ಲಿ ನೋಡುವವನಿಗೆ ಒಂದು ಅನುಕೂಲವುಂಟು. ಕೆಟ್ಟ ಮಕ್ಕಳು ಕೆಟ್ಟವರಂತೆಯೇ ಕಾಣುತ್ತಾರೆ. 'ನಾನು ಅಂಥವನಲ್ಲವಪ್ಪಾ' ಎಂದು ಕಣ್ಣೊರಸಿಕೊಂಡು ಮನೆಗೆ ಬರಬಹುದು.

ಮೊದಲ ರಾತ್ರಿ ನಾನು ಹಾಕಿದ ಚಿತ್ರ ಆ ಅನುಕೂಲವನ್ನು ಕೊಡಲಿಲ್ಲ. ಅದು ಲಿಯೋ ಮೆಕ್‌ಕ್ಯಾರಿ ಎಂಬ ಅಮೆರಿಕದ ನಿರ್ದೇಶಕ 1937ರಲ್ಲಿ ಮಾಡಿದ 'ಮೇಕ್ ವೇ ಫಾರ್ ಟುಮಾರೋ'. ಲಾರೆಲ್ ಮತ್ತು ಹಾರ್ಡಿ ಜೋಡಿಯನ್ನು ರೂಪಿಸಿದವರಲ್ಲಿ ಒಬ್ಬನಾದ ಈತ ನಗಿಸುವುದಕ್ಕೆ ಹೆಸರಾದವನು. ಕಥೆ ಇಷ್ಟೇ. ಐವತ್ತು ವರ್ಷ ಸಂಸಾರ ಮಾಡಿದ ದಂಪತಿಗಳ ಮನೆ ಬ್ಯಾಂಕಿನ ಪಾಲಾಗುತ್ತದೆ. ಐದು ಜನ ಮಕ್ಕಳು. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಜಾಗ ಯಾರಲ್ಲಿಯೂ ಇಲ್ಲ. ತಾಯಿ ನ್ಯೂಯಾರ್ಕಿನ ಮಗನ ಮನೆಗೆ, ತಂದೆ ದೂರದ ಊರಿನ ಮಗಳ ಮನೆಗೆ. "ಕೆಲವು ತಿಂಗಳ ಮಟ್ಟಿಗೆ" ಎಂದೇ ಅಲ್ಲಿಯೂ ಏರ್ಪಾಡು. ಆ ಮುದುಕ ಮಗಳ ಮನೆಯಲ್ಲಿ ಮಲಗುವುದು ಹಜಾರದ ಸೋಫಾದ ಮೇಲೆ. ದಿವಾನದ ಮೇಲೆ ಶಾಲು ಹೊದ್ದು ಕೂತಿದ್ದ ಅಪ್ಪನ ಕಡೆಗೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಆ ದೃಶ್ಯ ಬಂತು. ಸೊಸೆ ಮನೆಯಲ್ಲಿ ಇಸ್ಪೀಟಿನ ಬ್ರಿಜ್ ಆಟದ ಪಾಠ ಹೇಳಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸುವವಳು. ಅಂದು ಅತಿಥಿಗಳು ತುಂಬಿದ್ದಾರೆ. ಅತ್ತೆಯ ತೂಗುಕುರ್ಚಿ ಕಿರುಗುಟ್ಟಿ ಎಲ್ಲರಿಗೂ ಕಿರಿಕಿರಿ. ಅಷ್ಟರಲ್ಲಿ ದೂರವಾಣಿ ಬಾರಿಸುತ್ತದೆ; ಮುದುಕ ಆ ಊರಿನಿಂದ ಕರೆದಿದ್ದಾನೆ. ಮುದುಕಿ, ದೂರದ ಊರಿಗೆ ಕೇಳಬೇಕೆಂದು, ಗಟ್ಟಿಯಾಗಿ ಕೂಗಿ ಮಾತಾಡುತ್ತಾಳೆ. ಕೋಣೆಯಲ್ಲಿದ್ದವರು ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ಬರಬರುತ್ತ ಒಬ್ಬೊಬ್ಬರಾಗಿ ಮೌನವಾಗುತ್ತಾರೆ. ಅವಳು ಹೇಳುವುದರಲ್ಲಿ ಹೆಚ್ಚಿನದೇನೂ ಇಲ್ಲ. ಆರೋಗ್ಯ ನೋಡಿಕೊಳ್ಳಿ, ಚಳಿಯಲ್ಲಿ ಬೆಚ್ಚಗಿರಿ, ಅಷ್ಟೇ. ಮಾತು ಮುಗಿದ ಮೇಲೆ ಆಟಕ್ಕೆ ಮರಳಲು ಯಾರಿಗೂ ಮನಸ್ಸಾಗುವುದಿಲ್ಲ.

ಅಪ್ಪ ಎದ್ದರು. "ನೀರು ಕುಡಿದು ಬರುತ್ತೇನೆ" ಎಂದು ಅಡಿಗೆಯ ಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕನ್ನಡಕ ಕೈಯಲ್ಲಿತ್ತು.

ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಈ ಚಿತ್ರ ಕಥೆ ತಿಳಿದರೆ ಕೆಡುವಂಥದಲ್ಲ. ತಾಯಿಯನ್ನು ವೃದ್ಧಾಶ್ರಮಕ್ಕೆ ಕಳಿಸಬೇಕಾಗುತ್ತದೆ. ಮಗ ಒಳ್ಳೆಯವನು, ಹೇಗೆ ಹೇಳಲೆಂದು ಒದ್ದಾಡುತ್ತಾನೆ. ತಾಯಿ ಅದನ್ನು ಮೊದಲೇ ಅರಿತು, ತನಗೇ ಅಲ್ಲಿಗೆ ಹೋಗುವ ಆಸೆಯೆಂದು ತಾನಾಗಿ ಹೇಳಿ ಮಗನನ್ನು ಆ ಕಷ್ಟದಿಂದ ಪಾರುಮಾಡುತ್ತಾಳೆ. ಗಂಡನಿಗೆ ಮಾತ್ರ ಇದು ತಿಳಿಯಕೂಡದು ಎಂಬುದೊಂದೇ ಅವಳ ಕೋರಿಕೆ. ಗಂಡನನ್ನು ಕ್ಯಾಲಿಫೋರ್ನಿಯದ ಇನ್ನೊಬ್ಬ ಮಗಳ ಮನೆಗೆ ಕಳಿಸುತ್ತಾರೆ. ರೈಲಿಗೆ ಮುಂಚೆ ದಂಪತಿಗಳಿಗೆ ಕೆಲವು ಗಂಟೆ ಸಿಗುತ್ತದೆ. ಮಕ್ಕಳ ಮನೆಯ ಊಟವನ್ನು ಬಿಟ್ಟು, ಮದುವೆಯಾದ ಹೊಸದರಲ್ಲಿ ತಂಗಿದ್ದ ಹೋಟೆಲಿಗೆ ಹೋಗುತ್ತಾರೆ. ಕುಣಿಯಲು ಹೊರಟರೆ ವಾದ್ಯದವರದು ಹೊಸ ಧಾಟಿ, ಇವರ ಹೆಜ್ಜೆ ಹೊಂದದು. ಮೇಳದ ಯಜಮಾನ ಅದನ್ನು ಗಮನಿಸಿ ಸದ್ದಿಲ್ಲದೆ ಧಾಟಿಯನ್ನು ಬದಲಿಸಿ ಹಳೆಯ ವಾಲ್ಟ್ಸ್ ನುಡಿಸುತ್ತಾನೆ. ಅಂದು ಅವರ ಮರ್ಯಾದೆ ಕಾಯುವವರೆಲ್ಲ ಗುರುತಿಲ್ಲದ ಪರರು. ಆಮೇಲೆ ನಿಲ್ದಾಣ. ರೈಲು ಹೊರಡುತ್ತದೆ, ಅವಳೊಬ್ಬಳು ನಿಂತಿರುತ್ತಾಳೆ. ಮುಗಿಯಿತು. ಪೊಲೀಸು ಅಧಿಕಾರಿಯಾದ ಶಿಷ್ಯ ಯಾರೂ ಬರುವುದಿಲ್ಲ.

ಈ ಮುಕ್ತಾಯವನ್ನು ಸುಖವಾಗಿ ಬದಲಿಸೆಂದು ಪ್ಯಾರಾಮೌಂಟ್ ಸಂಸ್ಥೆಯ ಒಡೆಯರು ಒತ್ತಾಯಿಸಿದರು. ಮೆಕ್‌ಕ್ಯಾರಿ ಒಪ್ಪಲಿಲ್ಲ. ಚಿತ್ರಕ್ಕೆ ಹಣ ಬರಲಿಲ್ಲ. ಆತ ಆ ಸಂಸ್ಥೆಯನ್ನು ಬಿಡಬೇಕಾಯಿತು. ಅದೇ ವರ್ಷ ಬೇರೊಂದು ಕಡೆ ಮಾಡಿದ 'ದಿ ಆಫುಲ್ ಟ್ರೂತ್' ಎಂಬ ನಗೆಚಿತ್ರಕ್ಕೆ ನಿರ್ದೇಶನದ ಆಸ್ಕರ್ ಬಂದಾಗ, ಪ್ರಶಸ್ತಿಯನ್ನು ತಪ್ಪು ಚಿತ್ರಕ್ಕೆ ಕೊಟ್ಟಿರಿ ಎಂದು ಆತ ಹೇಳಿದನಂತೆ. ಮುದುಕಿಯಾಗಿ ನಟಿಸಿದ ಬ್ಯೂಲಾ ಬಾಂಡಿಗೆ ಆಗ ಐವತ್ತೂ ತುಂಬಿರಲಿಲ್ಲವೆಂದರೆ ನಂಬುವುದು ಕಷ್ಟ. ಅಮೆರಿಕ ದೇಶ ತಾನು ಕಾದಿರಿಸಬೇಕಾದ ಚಿತ್ರಗಳ ಪಟ್ಟಿಗೆ ಇದನ್ನು ಸೇರಿಸಿದ್ದು 2010ರಲ್ಲಿ.

ಮರುದಿನ ಅಪ್ಪ ಚಿತ್ರದ ಮಾತನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ರಾತ್ರಿ ಎಂಟಕ್ಕೆ ಅವರು ಮೊಬೈಲು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಕಾಂಪೌಂಡಿನ ಗೋಡೆಯ ಕಡೆಗೆ ಮುಖ ಮಾಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಮಾತಾಡುತ್ತಿದ್ದರು. ಆಚೆಯಿಂದ ಅಮ್ಮನಿಗೆ ಸರಿಯಾಗಿ ಕೇಳಿಸದೆಂದು ತೋರುತ್ತದೆ. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು. ಅವರು ಹೀಗೆ ಹೊರಗೆ ಹೋಗುತ್ತಿರುವುದು ಅಂದಿನಿಂದಲ್ಲ, ನಾನು ಗದರಿದ ದಿನದಿಂದ, ಎಂದು ನನ್ನ ಹೆಂಡತಿ ಹೇಳಿದಳು. "ನಿಮಗೆ ಗೊತ್ತೇ ಇರಲಿಲ್ಲವೇನು ರೀ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಜಾರ ಸದ್ದಿಲ್ಲದೆ ಇತ್ತು; ನಾನು ಪತ್ರಿಕೆ ತಿದ್ದುತ್ತಿದ್ದೆ.

ಮಂಡಲಿಯ ಪಟ್ಟಿಗೆ ಎಳೆ ಸಿಕ್ಕಿತು. ಸಂಕಟದ ಎಳೆಯೇ ಆದರೂ ಎಳೆ. ಅಪ್ಪನನ್ನು ಮತ್ತೆ ಕೂರಿಸಿಕೊಳ್ಳುವುದು ಸರಿಯೇ ಎಂದು ಯೋಚಿಸುತ್ತಿರುವಾಗ ಅವರೇ, "ಇವತ್ತು ಯಾವ ಚಿತ್ರವೋ?" ಎಂದು ದಿಂಬನ್ನು ಗೋಡೆಗೆ ಒರಗಿಸಿಕೊಂಡರು.

ಅಂದಿನದು ಜಪಾನಿನ ಯಾಸುಜಿರೊ ಒಜು 1953ರಲ್ಲಿ ಮಾಡಿದ 'ಟೋಕಿಯೊ ಸ್ಟೋರಿ'. ಒಜುವಿನ ಜೊತೆ ಕೂತು ಚಿತ್ರಕಥೆ ಬರೆದ ಕೋಗೊ ನೋಡಾ ಮೆಕ್‌ಕ್ಯಾರಿಯ ಚಿತ್ರವನ್ನು ನೋಡಿದ್ದನೆಂದು ಹೇಳುತ್ತಾರೆ. ಹೀಗೆ ಅಮೆರಿಕದಲ್ಲಿ ಸೋತ ಚಿತ್ರದ ಬೀಜ ಜಪಾನಿನಲ್ಲಿ ಮೊಳೆಯಿತು. ಓನೊಮಿಚಿ ಎಂಬ ಕಡಲತೀರದ ಊರಿನಿಂದ ಮುದುಕ ಮುದುಕಿ ಟೋಕಿಯೊದ ಮಕ್ಕಳನ್ನು ನೋಡಲು ಬರುತ್ತಾರೆ. ಮಗ ವೈದ್ಯ, ಊರು ತೋರಿಸಲು ಹೊರಡುವ ಹೊತ್ತಿಗೆ ರೋಗಿಯ ಕರೆ ಬರುತ್ತದೆ. ಮಗಳು ಕೇಶಾಲಂಕಾರದ ಅಂಗಡಿಯವಳು. ಇವರು ಯಾರೆಂದು ಗಿರಾಕಿ ಕೇಳಿದರೆ, ಹಳ್ಳಿಯ ಕಡೆಯ ಪರಿಚಯದವರು ಎಂದುಬಿಡುತ್ತಾಳೆ. ಮಕ್ಕಳು ಹಣ ಕೂಡಿಸಿ ಅಪ್ಪ ಅಮ್ಮನನ್ನು ಅಟಾಮಿಯ ಬಿಸಿನೀರ ಬುಗ್ಗೆಗಳ ಊರಿಗೆ ಕಳಿಸುತ್ತಾರೆ. ಅದು ಪ್ರೀತಿಯೂ ಹೌದು, ಮನೆಯಿಂದ ಸಾಗಹಾಕುವ ಉಪಾಯವೂ ಹೌದು. ಅಲ್ಲಿ ರಾತ್ರಿಯೆಲ್ಲ ಜೂಜು, ಹಾಡು, ಗಲಾಟೆ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ, ಒಂದೇ ಕೋಣೆಯಲ್ಲಿ ಬದುಕುವ ಬಡ ಸೊಸೆ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಊರು ತೋರಿಸುತ್ತಾಳೆ. ಪಕ್ಕದ ಮನೆಯಿಂದ ಸಾಕೆ ಎಂಬ ಪಾನೀಯವನ್ನು ಕಡ ತಂದು ಮಾವನಿಗೆ ಕೊಡುತ್ತಾಳೆ.

ಒಜು ಕ್ಯಾಮೆರಾವನ್ನು ನೆಲದ ಹತ್ತಿರ, ಚಾಪೆಯ ಮೇಲೆ ಕೂತವರಿಗಿಂತಲೂ ತಗ್ಗಿನಲ್ಲಿ ಇಡುತ್ತಾನೆ. ಅದು ಅತ್ತಿತ್ತ ಓಡಾಡುವುದೇ ಅಪರೂಪ. ಮನೆಗೆ ಬಂದವರೊಡನೆ ನೆಲದ ಮೇಲೆ ಕೂತು ಮಾತಾಡುವ ಮರ್ಯಾದೆ ನಮ್ಮಲ್ಲಿಯೂ ಇತ್ತಲ್ಲವೆ? ಆ ಮರ್ಯಾದೆಯನ್ನು ಈತ ಕ್ಯಾಮೆರಾಕ್ಕೂ ಕಲಿಸಿದ್ದಾನೆ. ಅರ್ಧ ಗಂಟೆ ನೋಡಿದ ಅಪ್ಪ, "ಜಗಳವೇ ಆಗುವುದಿಲ್ಲವಲ್ಲೋ ಇದರಲ್ಲಿ! ಎಲ್ಲರೂ ನಗುನಗುತ್ತಲೇ ಇದ್ದಾರೆ" ಎಂದರು. ಸ್ವಲ್ಪ ತಡೆದು, "ನಮ್ಮ ಹಾಗೆ" ಎಂದರು.

ತಾಯಿ ಊರಿಗೆ ಮರಳಿದ ಮೇಲೆ ತೀರಿಹೋಗುತ್ತಾಳೆ. ಅಳುತ್ತಿದ್ದ ಮಗಳೇ, ಊಟಕ್ಕೆ ಕೂತಾಗ, ಅಮ್ಮನ ಉಡುಪುಗಳಲ್ಲಿ ಇಂಥದು ತನಗೆ ಬೇಕೆಂದು ಕೇಳುತ್ತಾಳೆ. ಕಿರಿಯ ಮಗಳಿಗೆ ಇದನ್ನು ಕಂಡು ರೋಷ. ಆದರೆ ನೊರಿಕೊ, ಮಕ್ಕಳು ಬೆಳೆದಂತೆ ಅವರವರ ಬದುಕು ಅವರವರದಾಗುತ್ತದೆ, ನಾನೂ ಒಂದು ದಿನ ಹಾಗೆಯೇ ಆದೇನು ಎಂದು ಅವಳನ್ನು ಸಮಾಧಾನಪಡಿಸುತ್ತಾಳೆ. ಬೈಯಲು ಹೊರಟ ನಮ್ಮ ಬಾಯನ್ನೂ ಈ ಮಾತು ಕಟ್ಟುತ್ತದೆ. ಮಾವ ಹೆಂಡತಿಯ ಕೈಗಡಿಯಾರವನ್ನು ಸೊಸೆಗೆ ಕೊಡುತ್ತಾನೆ. ಈ ಚಿತ್ರ ನ್ಯೂಯಾರ್ಕಿನ ಚಿತ್ರಮಂದಿರಕ್ಕೆ ಬಂದದ್ದು 1972ರಲ್ಲಿ. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಅವರು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೆ. ಆದರೂ ನಮ್ಮ ಎಷ್ಟು ಮನೆಗಳಲ್ಲಿ ಇದನ್ನು ನೋಡಿದ್ದಾರೆ?

ಮೂರನೆಯದು ಇಟಲಿಯ ವಿತ್ತೋರಿಯೊ ಡಿ ಸಿಕಾ 1952ರಲ್ಲಿ ಮಾಡಿದ 'ಉಂಬೆರ್ತೊ ಡಿ.' ಈತನ 'ಬೈಸಿಕಲ್ ಥೀವ್ಸ್' ಹೆಸರನ್ನು ಅನೇಕರು ಕೇಳಿರುತ್ತಾರೆ. ಇದನ್ನು ಕೇಳಿದವರು ಕಡಿಮೆ. ಪಿಂಚಣಿಯಲ್ಲಿ ಬಾಡಿಗೆ ಕಟ್ಟಲಾರದ ಒಬ್ಬ ಮುದುಕ ಮತ್ತು ಅವನ ನಾಯಿಯ ಕಥೆ. ಮುದುಕನಾಗಿ ನಟಿಸಿದ ಕಾರ್ಲೊ ಬತ್ತಿಸ್ತಿ ನಟನೇ ಅಲ್ಲ, ಭಾಷಾವಿಜ್ಞಾನದ ಪ್ರಾಧ್ಯಾಪಕ. ಭಾಷೆಯ ಮೇಷ್ಟರೊಬ್ಬರು ಹೀಗೆ ನಟಿಸಬಲ್ಲರೆಂಬುದು ನನಗೆ ಒಳಗೊಳಗೇ ಹೆಮ್ಮೆ. ಮಾನವಂತನಾದ ಈ ಮುದುಕ ಕೊನೆಗೆ ಬೀದಿಯಲ್ಲಿ ಭಿಕ್ಷೆಗೆ ಕೈ ಚಾಚುತ್ತಾನೆ. ಯಾರೋ ಒಬ್ಬ ಹಣ ಕೊಡಲು ಬಂದೊಡನೆ, ಮಳೆ ಹನಿಯುತ್ತಿದೆಯೇ ಎಂದು ನೋಡುವವನಂತೆ ಅಂಗೈಯನ್ನು ಮಗುಚಿಬಿಡುತ್ತಾನೆ. ಬಡತನದ ಬಗ್ಗೆ ನೂರು ಭಾಷಣ ಹೇಳಲಾರದ್ದನ್ನು ಮಗುಚಿದ ಆ ಅಂಗೈ ಹೇಳುತ್ತದೆ. ದೇಶದ ಕೊಳಕನ್ನು ಹೊರಗಿನವರಿಗೆ ತೋರಿಸುತ್ತಾನೆಂದು ಆಗ ಸರ್ಕಾರದಲ್ಲಿದ್ದ, ಮುಂದೆ ಪ್ರಧಾನಿಯೂ ಆದ ಜೂಲಿಯೊ ಆಂದ್ರಿಯೊತ್ತಿ ಬಹಿರಂಗವಾಗಿ ಆಕ್ಷೇಪಿಸಿದ. ಡಿ ಸಿಕಾ ಈ ಚಿತ್ರವನ್ನು ಅರ್ಪಿಸಿದ್ದು ತನ್ನ ತಂದೆಗೆ.

ಇದರ ಪಕ್ಕಕ್ಕೆ ನಾನು ಇಟ್ಟದ್ದು ನಮ್ಮದೇ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ್ದು. 1986ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದು; ತಬರನಾದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಇಷ್ಟೆಲ್ಲ ಬಂದರೂ ನನ್ನ ತರಗತಿಯಲ್ಲಿ ಇದನ್ನು ನೋಡಿದವರು ಯಾರು ಎಂದು ಕೇಳಿದಾಗ ಎದ್ದ ಕೈ ಎರಡು. ಸರ್ಕಾರದ ಬಡ ನೌಕರ ತಬರ ನಿವೃತ್ತನಾಗಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ. ಕಡತ ಮೇಜಿನಿಂದ ಮೇಜಿಗೆ ಹೋಗುವ ವೇಗಕ್ಕಿಂತ ಹುಣ್ಣು ಬೆಳೆಯುವ ವೇಗ ಹೆಚ್ಚು.

ಇದನ್ನು ನೋಡಿದ ರಾತ್ರಿ ಅಪ್ಪ ತಾವಾಗಿ ಮಾತಾಡಿದರು. "ವೃದ್ಧಾಪ್ಯ ವೇತನದ ಮನಿಯಾರ್ಡರು ಬರುವ ದಿನ, ನಾನು ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಮುದುಕಿಯರು ಅಂಚೆಕಚೇರಿಯ ಜಗಲಿಯ ಮೇಲೆ ಕೂತಿರುತ್ತಿದ್ದರು ಕಣೋ. ಇನ್ನೂ ಬಂದಿಲ್ಲ ಅಂತ ಹೇಳುವುದು ನನ್ನ ಕೆಲಸ. ಅವರು ಜಗಳ ಮಾಡುತ್ತಿರಲಿಲ್ಲ. ಹೌದಾ ಸ್ವಾಮಿ ಅಂತ ಎದ್ದು ಹೋಗುತ್ತಿದ್ದರು. ಅದೇ ಕಷ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು." ಅಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರು ಆ ಮುದುಕಿಯರ ವಿಷಯವನ್ನೇ ಹೇಳಿದರು, ಬೇರೆ ಏನನ್ನೂ ಅಲ್ಲ. ಆದರೆ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಅಣ್ಣನಿಗೆ ಫೋನು ಮಾಡಿದೆ. ಎಲ್ಲಿಂದ ಮೊದಲುಮಾಡಬೇಕೆಂದು ತಿಳಿಯದೆ ಸಿನಿಮಾದ ಕಥೆಯನ್ನೇ ಹೇಳಿದೆ. ಅವನು ಮೌನವಾಗಿ ಕೇಳಿ, "ಅಮ್ಮ ಒಂದು ದಿನವೂ ಹೇಳಲಿಲ್ಲವಲ್ಲೋ" ಎಂದ. "ಅಪ್ಪನೂ ಹೇಳಲಿಲ್ಲ" ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಮ್ಮನನ್ನು ಕೇಳಿದರೆ, "ನಿಮಗೆಲ್ಲ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದಳು. ಅಪ್ಪನನ್ನು ಕೇಳಿದರೆ ಅದೇ ಮಾತನ್ನು ಅಕ್ಷರ ಬದಲಾಗದಂತೆ ಹೇಳಿದರು. ನಮ್ಮ ದೇಶದ ಮುದುಕರೆಲ್ಲರೂ ಯಾವುದೋ ಒಂದೇ ಶಾಲೆಯಲ್ಲಿ ಈ ವಾಕ್ಯವನ್ನು ಕಲಿತಿರಬೇಕು. ಇದರ ಅರ್ಥವನ್ನು ಬಿಡಿಸುವುದು ಮಕ್ಕಳ ಕೆಲಸ. ಮಕ್ಕಳಾದರೋ ತಮಗೆ ಅನುಕೂಲವಾದ ಅರ್ಥವನ್ನೇ ಮಾಡಿಕೊಳ್ಳುತ್ತೇವೆ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಬರೆದರೆ ಸುಳ್ಳಾದೀತು. ಅತ್ತಿಗೆಗೆ ಬೇಸರವಾಯಿತು. ಅವಳದು ತಪ್ಪೆಂದು ಹೇಳಲಾರೆ. ಎರಡು ವರ್ಷದ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕೆಲಸಕ್ಕೆ ಓಡಬೇಕಾದವಳು ಅವಳೇ. ನೊರಿಕೊ ಆಗೆಂದು ಪರರಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಕೊನೆಗೆ ಸಂಕ್ರಾಂತಿಯ ಹೊತ್ತಿಗೆ ಅಪ್ಪ ಅಮ್ಮ ತಿಪಟೂರಿನ ಮನೆಯ ಬೀಗ ತೆಗೆದರು. ಗೆದ್ದಲು ಹಿಡಿದ ಬಾಗಿಲನ್ನು ಅಣ್ಣ ಬದಲಿಸಿಕೊಟ್ಟ. ಬೇಸಿಗೆಯ ರಜೆಗೆ ಮಗುವನ್ನು ಕರೆದುಕೊಂಡು ಅತ್ತಿಗೆಯೂ ಬಂದಳು. ಅಮ್ಮನ ಮಂಡಿ ಇನ್ನೂ ನೋಯುತ್ತದೆ; ರಾತ್ರಿ ಹೊತ್ತು ಏನಾದರೂ ಆದರೆ ಗತಿಯೇನು ಎಂಬ ಭಯ ನಮ್ಮಿಬ್ಬರಿಗೂ ಇದೆ. ಮಾಡಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ಎದೆ ತಟ್ಟಿ ಹೇಳಲಾರೆ. ಒಂದನ್ನು ಮಾತ್ರ ಹೇಳಬಲ್ಲೆ. ಈಗ ರಾತ್ರಿ ಎಂಟಕ್ಕೆ ಅಪ್ಪನ ಮೊಬೈಲು ಸುಮ್ಮನಿರುತ್ತದೆ. ಹುಳಿ ಏನೆಂದು ಅವರು ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಬೀದಿಗೆ ಕೇಳುವಂತೆ.

ಪಟ್ಟಿಯ ಐದನೆಯ ಚಿತ್ರವನ್ನು ಹೇಳದೆ ಮುಗಿಸಿದರೆ ಕಾರ್ಯದರ್ಶಿ ಹುಡುಗಿ ಒಪ್ಪಲಾರಳು. ಅದು ಸತ್ಯಜಿತ್ ರಾಯ್ ಅವರ 'ಅಪರಾಜಿತೊ'. 1956ರಲ್ಲಿ ತೆರೆಗೆ ಬಂದಿತು. 1957ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹದ ಪ್ರಶಸ್ತಿ ಪಡೆಯಿತು. ಬಂಗಾಳದಲ್ಲಿ ಮಾತ್ರ ಜನ ಇದನ್ನು ಮೆಚ್ಚಿಕೊಳ್ಳಲಿಲ್ಲ; ತಾಯಿಯಿಂದ ದೂರ ಸರಿಯುವ ಮಗನನ್ನು ಅಷ್ಟು ನಿಜವಾಗಿ ತೋರಿಸಿದ್ದು ಅವರಿಗೆ ಸಹಿಸಲಿಲ್ಲ. 'ಪಥೇರ್ ಪಾಂಚಾಲಿ'ಯ ಹೆಸರು ಎಲ್ಲರ ನಾಲಗೆಯ ಮೇಲಿದೆ, ಅದರ ಮುಂದಿನ ಈ ಭಾಗ ಮರೆಯಲ್ಲಿ ನಿಂತಿದೆ. ವಿದ್ಯಾರ್ಥಿವೇತನ ಪಡೆದು ಕಲ್ಕತ್ತೆಗೆ ಓದಲು ಹೋದ ಅಪು ರಜೆಗೆ ಹಳ್ಳಿಗೆ ಬಂದಾಗ ತಾಯಿ ಸರ್ವಜಯೆ ತನ್ನ ಕಾಯಿಲೆಯನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗನಿಗೆ ನಿದ್ರೆ. ಆದರೆ ಒಂದು ಸಲ, ಹೊರಟು ನಿಲ್ದಾಣಕ್ಕೆ ಹೋದ ಹುಡುಗ, ಎದುರಿಗೆ ಬಂದ ರೈಲನ್ನು ಹತ್ತದೆ ಬಿಟ್ಟು ಮನೆಗೆ ಹಿಂತಿರುಗುತ್ತಾನೆ. ರೈಲು ತಪ್ಪಿಹೋಯಿತೆಂದು ತಾಯಿಗೆ ಹೇಳುತ್ತಾನೆ. ಆಕೆಯ ಮುಖವನ್ನು ಆಗ ನೋಡಬೇಕು. ಮಗ ಅವಳಿಗೆ ಕೊಟ್ಟದ್ದು ಒಂದೇ ಒಂದು ದಿನ. ಮುಂದೆ ಅವಳು ಮರದ ಕೆಳಗೆ ಕೂತು, ದೂರದಲ್ಲಿ ಹಾದುಹೋಗುವ ರೈಲುಗಳನ್ನು ನೋಡುತ್ತ ಕಾಯುತ್ತಾಳೆ. ಅವನು ಬರುವಷ್ಟರಲ್ಲಿ ಕಾಲ ಮೀರಿರುತ್ತದೆ.

ಈ ಐದನ್ನೂ ಮಂಡಲಿಯಲ್ಲಿ ತೋರಿಸಿ ಮುಗಿಸಿದ್ದೇವೆ. ಇಂದು ಅಂತರ್ಜಾಲದ ದಯೆಯಿಂದ ಮನಸ್ಸು ಮಾಡಿದವರಿಗೆ ಹಳೆಯ ಚಿತ್ರಗಳು ಸಿಕ್ಕುವುದು ಮೊದಲಿನಷ್ಟು ಕಷ್ಟವಲ್ಲ. ಓದುಗರಲ್ಲಿ ನನ್ನದು ಒಂದೇ ಬಿನ್ನಹ: ಇವನ್ನು ಒಬ್ಬರೇ ಕೂತು ನೋಡಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕೂತು ನೋಡಿ. ತೆರೆಯನ್ನು ನೋಡುವಷ್ಟೇ ಅವರ ಮುಖವನ್ನೂ ನೋಡಿ. ಅವರು ನೀರು ಕುಡಿಯಲು ಎದ್ದು ಹೋದರೆ, ಬರುವುದು ಏಕೆ ತಡವಾಯಿತೆಂದು ವಿಚಾರಿಸಿ.

ಭಾನುವಾರಗಳಲ್ಲಿ ನಾನು ತಿಪಟೂರಿಗೆ ಹೋಗುತ್ತೇನೆ. ಸಂಜೆಯ ರೈಲಿಗೆ ಹಿಂತಿರುಗಿದರೆ ಸೋಮವಾರ ಬೆಳಗಿನ ತರಗತಿಗೆ ಅನುಕೂಲ. ಕಳೆದ ವಾರ ನಿಲ್ದಾಣದವರೆಗೆ ಹೋದವನು, ರೈಲು ಬಂದು ನಿಂತು ಹೊರಟುಹೋದ ಮೇಲೆ, ಕೈಚೀಲ ಹಿಡಿದು ಮನೆಗೆ ನಡೆದೆ. "ರೈಲು ತಪ್ಪಿತು ಅಮ್ಮ" ಎಂದೆ. ಅವಳು 'ಅಪರಾಜಿತೊ' ನೋಡಿದವಳಲ್ಲ. "ಒಳ್ಳೆಯದೇ ಆಯಿತು, ಬಾ. ಹುಳಿ ಮಿಕ್ಕಿದೆ" ಎಂದು ಒಲೆಯ ಕಡೆಗೆ ಹೋದಳು. ಚಿತ್ರವನ್ನು ನೋಡಿದ್ದ ಅಪ್ಪ ಮಾತ್ರ ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ, ಪತ್ರಿಕೆಯನ್ನು ಮತ್ತೆ ಬಿಡಿಸಿಕೊಂಡರು.